ಕುರಿಯ ಮೈಮೇಲಿನ ಓರೆಗೀಟು

ನಮ್ಮ ಮನೆಯ ಬಾಗಿಲ ನಂಬರಿನಲ್ಲಿ ಒಂದು ಓರೆಗೀಟು ಇದೆ. ಸೇಲಂನಲ್ಲಿ ಯಾರ ಬಾಗಿಲ ನಂಬರಿನಲ್ಲಿ ಇಲ್ಲ ಹೇಳಿ! ಗೀಟಿನ ಈ ಕಡೆ ಹಳೇ ನಂಬರು, ಆ ಕಡೆ ಹೊಸ ನಂಬರು. ಕೊರಿಯರ್ ತರುವವನು ಫೋನಿನಲ್ಲಿ ಅದನ್ನು ‘ಬೈ’ ಅನ್ನುತ್ತಾನೆ. ಗ್ಯಾಸ್ ಬುಕ್ ಮಾಡಿದರೆ ಆ ಕಡೆಯಿಂದ ಮಾತಾಡುವ ಹುಡುಗಿ ‘ಸ್ಲ್ಯಾಶ್’ ಅನ್ನುತ್ತಾಳೆ. ಸರ್ಕಾರಿ ಕಚೇರಿಯಿಂದ ರಿಟೈರಾದ ನಮ್ಮ ಮನೆ ಮಾಲೀಕರು ‘ಸ್ಟ್ರೋಕ್’ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ಅವರ ಮನೆಯಲ್ಲಿ ಯಾರಿಗೋ ಏನೋ ಆಯಿತು ಅಂತ ನಾನು ಗಾಬರಿಯಾಗಿದ್ದೆ. ನನಗೆ ಟೈಪಿಂಗ್ ಕಲಿಸಿದ ಮೇಷ್ಟ್ರು ‘ಆಬ್ಲಿಕ್’ ಅನ್ನುತ್ತಿದ್ದರು, ಶಾಲೆಯ ತಮಿಳು ಟೀಚರ್ ‘ಸಾಯ್ವು ಕೋಡು’ ಅನ್ನುತ್ತಿದ್ದರು. ಓದು ಬರಹ ಗೊತ್ತಿಲ್ಲದ ನಮ್ಮಮ್ಮ ಮಾತ್ರ ಕಂಡದ್ದನ್ನು ಕಂಡ ಹಾಗೆ ‘ಓರೆಗೀಟು’ ಅಂದಳು. ಇಷ್ಟು ಹೆಸರಿನಲ್ಲಿ ನನಗೆ ಒಪ್ಪಿದ್ದು ಅವಳದೇ.

ಈ ಗೀಟಿನ ಜೊತೆ ನನ್ನ ಸಂಬಂಧ ಹೊಟ್ಟೆಪಾಡಿನದು. ಸೇಲಂನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾನು ಟೀಚರ್. ಓರೆಗೀಟಿನ ಕೀಲಿ ಕೆಳಸಾಲಿನ ಬಲತುದಿಯಲ್ಲಿ, ಬಲಗೈ ಕಿರುಬೆರಳಿನ ಪಾಲಿಗೆ ಬರುತ್ತದೆ. ನಮ್ಮ ಕಿರುಬೆರಳುಗಳಷ್ಟು ಸೋಮಾರಿ ಈ ಲೋಕದಲ್ಲಿಲ್ಲ. ಪಾಠಕ್ಕೆ ಬರುವವರೆಲ್ಲ ಉಂಗುರದ ಬೆರಳನ್ನು ಅಲ್ಲಿಗೆ ಓಡಿಸಿ ಕದ್ದು ಒತ್ತುತ್ತಾರೆ. ನಾನು ಬೆನ್ನ ಹಿಂದೆ ನಿಂತು ಸ್ಕೇಲಿನಿಂದ ಮೇಜು ಕುಟ್ಟುತ್ತೇನೆ. ನನ್ನ ಕಿರುಬೆರಳಿನ ಬಗ್ಗೆ ನನಗೆ ಬಹಳ ಹೆಮ್ಮೆ, ಅದನ್ನು ಮುಚ್ಚಿಡುವುದೇಕೆ.

ಗೀಟು ಚಿಕ್ಕದು, ಅದರ ಅಧಿಕಾರ ದೊಡ್ಡದು. ಮದುವೆಗೆ ಮುಂಚೆ ನನ್ನ ಹೆಸರಿನ ಪಕ್ಕದ ‘D/o’ ಗೀಟು ಇಂಥವರ ಮಗಳು ಅನ್ನುತ್ತಿತ್ತು, ಮದುವೆಯಾದ ಮಾರನೇ ತಿಂಗಳು ಅದೇ ಗೀಟು ‘W/o’ ಆಗಿ ಇಂಥವರ ಹೆಂಡತಿ ಅಂದಿತು. ಮಂಟಪ, ಮೇಳ, ನೆಂಟರ ಗದ್ದಲ ಎಲ್ಲ ಮಾಡಿದ ಕೆಲಸವನ್ನು ಅದು ಸದ್ದಿಲ್ಲದೆ ಮುಗಿಸಿತ್ತು. ಇನ್ನು ಹೋಟೆಲಿಗೆ ಹೋದರೆ ನಮ್ಮ ಯಜಮಾನರು ‘ಸೂಪು ಒನ್ ಬೈ ಟೂ’ ಅನ್ನುತ್ತಾರೆ. ಬರುವ ಎರಡು ಬಟ್ಟಲಿನಲ್ಲಿ ಜಾಸ್ತಿ ಇರುವುದು ಯಾವಾಗಲೂ ಅವರ ಕಡೆಗೇ ಸರಿಯುತ್ತದೆ. ಹೀಗೆ ಗೀಟು ಇರುವುದೇ ಪಾಲು ಮಾಡುವುದಕ್ಕೆ ಅಂತ ನಾನು ತಿಳಿದಿದ್ದೆ.

ಕಂಪ್ಯೂಟರ್ ಬಂದ ಮೇಲೆ ಇನ್ನೊಂದು ಗೀಟು ಬಂತು. ನಾನು ಕಲಿತ ಟೈಪ್‌ರೈಟರಿನಲ್ಲಿ ಅದು ಇರಲೇ ಇಲ್ಲ. ಒಂದು /, ಇನ್ನೊಂದು \. ಮೊದಲನೆಯದು ಬರೀ ಸ್ಲ್ಯಾಶ್, ಎರಡನೆಯದು ಬ್ಯಾಕ್‌ಸ್ಲ್ಯಾಶ್. ಹುಡುಗಿಯರಿಗೆ ಇದು ಯಾವಾಗಲೂ ಅದಲುಬದಲು. ಅದಕ್ಕೆ ನಾನೇ ಒಂದು ಉಪಾಯ ಹೇಳಿಕೊಡುತ್ತೇನೆ: ‘ಬರೆಯುವ ದಾರಿಯಲ್ಲಿ ಎಡದಿಂದ ಬಲಕ್ಕೆ ಒಬ್ಬ ನಡೆದು ಹೋಗುತ್ತಿದ್ದಾನೆ ಅಂದುಕೊಳ್ಳಿ. ಅವನ ತಲೆ ಮುಂದಕ್ಕೆ ಬಾಗಿದ್ದರೆ ಸ್ಲ್ಯಾಶ್, ಹಿಂದಕ್ಕೆ ವಾಲಿದ್ದರೆ ಬ್ಯಾಕ್‌ಸ್ಲ್ಯಾಶ್.’ ಈ ಉಪಾಯ ಕಾಗದದ ಮೇಲೆ ಇದುವರೆಗೆ ಒಂದು ಸಲವೂ ಕೈಕೊಟ್ಟಿಲ್ಲ. ಕೈಕೊಟ್ಟದ್ದು ನಲ್ಲಂಪಳ್ಳಿ ಹತ್ತಿರದ ನಮ್ಮಕ್ಕನ ಊರಿನಲ್ಲಿ, ಕುರಿಯ ಮೇಲೆ.

ಅಕ್ಕನನ್ನು ಕೊಟ್ಟದ್ದು ಕುರಿ ಸಾಕುವ ಮನೆಗೆ. ಅಲ್ಲಿ ಅಣ್ಣತಮ್ಮಂದಿರು ಇಬ್ಬರು. ದೊಡ್ಡವರು ನಮ್ಮ ಬಾವ, ಅಕ್ಕನ ಗಂಡ, ಹೊಲ ನೋಡಿಕೊಳ್ಳುತ್ತಾರೆ. ಚಿಕ್ಕವನು ಅಕ್ಕನ ಮೈದುನ. ಮರಗೆಣಸನ್ನು ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಾಡುವ ಫ್ಯಾಕ್ಟರಿಗೆ ಸಾಗಿಸುವ ಸಣ್ಣ ಲಾರಿ ಓಡಿಸುತ್ತಾನೆ. ಕುರಿಗಳ ಹಿಂದೆ ಹೋಗುವುದು ಅಕ್ಕ ಮತ್ತು ಅವಳ ವಾರಗಿತ್ತಿ, ಅಂದರೆ ಆ ಮೈದುನನ ಹೆಂಡತಿ, ಕಾರಿಮಂಗಲಂ ಕಡೆಯಿಂದ ಬಂದವಳು. ಇಬ್ಬರೂ ಆ ಮನೆ ಸೇರಿದಾಗಿನಿಂದ ಒಟ್ಟಿಗೇ ಕುರಿ ಮೇಯಿಸುತ್ತಾರೆ. ಒಂದೇ ಬುತ್ತಿ, ಒಂದೇ ಛತ್ರಿ, ಬೆಳಿಗ್ಗೆಯಿಂದ ಸಂಜೆವರೆಗೆ ಮುಗಿಯದ ಮಾತು. ಇಷ್ಟು ವರ್ಷದಿಂದ ಅದೇನು ಮಾತಾಡುತ್ತಾರೋ! ನಾನೂ ನನ್ನ ಯಜಮಾನರೂ ರಾತ್ರಿ ಊಟದ ಹೊತ್ತಿಗೇ ವಿಷಯ ಖಾಲಿಯಾಗಿ ಟಿವಿ ಹಾಕಿಕೊಳ್ಳುತ್ತೇವೆ.

ಈ ವರ್ಷ ಪೊಂಗಲಿಗೆ ಅಲ್ಲಿಗೆ ಹೋದಾಗ ಮನೆಯಲ್ಲಿ ಎರಡು ಒಲೆ ಉರಿಯುತ್ತಿತ್ತು. ಮೈದುನ ಲಾರಿ ನಿಲ್ಲಿಸಲು ಅಡ್ಡ ಬರುತ್ತದೆ ಅಂತ ಯಾರನ್ನೂ ಕೇಳದೆ ಹುಣಸೆಮರದ ಕೊಂಬೆ ಕಡಿಸಿದ್ದ. ಬಾವ ಒಂದು ಮಾತು ಅಂದರು, ಅವನು ಎರಡು ಅಂದ. ಮೂರು ಮಾತಿಗೆ ಮನೆ ಎರಡಾಯಿತು. ಊರ ಯಜಮಾನರು ಬಂದು ಕುರಿಗಳನ್ನೂ ಪಾಲು ಮಾಡಿದ್ದರು: ಒಂದು ಅಣ್ಣನಿಗೆ, ಒಂದು ತಮ್ಮನಿಗೆ, ಹಟ್ಟಿಯಿಂದ ಒಂದೊಂದಾಗಿ ಎಳೆದು ಎರಡು ಕಡೆ ಕಟ್ಟಿಸಿದ್ದರು. ಗುರುತು ಹಾಕುವುದೊಂದು ಬಾಕಿ. ಗುರುತು ಬಿದ್ದ ಮಾರನೇ ದಿನದಿಂದ ಬಾವನ ಹಿಂಡು ಗುಡ್ಡದ ಕಡೆ, ಮೈದುನನ ಹಿಂಡು ಕೆರೆಯ ಕಡೆ.

ಅಕ್ಕ ಒಲೆ ಮುಂದೆ ಕೂತು ಮುದ್ದೆ ತೊಳಸುತ್ತಾ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದೇ ಕಡಿಮೆ.

“ಪಂಗು ಪಾಲು ಬೇಕಾದ್ರೆ ಎತ್ಕೊಳ್ಳಿ, ಒಲ ಎತ್ಕೊಳ್ಳಿ, ನಾ ಏನಾರ ಅಂದ್ನಾ? ಆ ಗುಡ್ಡದ್ ಮೇಲೆ ದಿನಾ ಒಬ್ಳೇ ಕುಂತ್ಕೊಂಡು ಯಾರ್ ಜೊತೆ ಮಾತಾಡ್ಲಿ? ಅವ್ಳೋ ಕೆರೆ ತಾವ ಒಬ್ಳೇ. ಮಾತಿಲ್ದೆ ಉಚ್ಚು ಇಡಿದ್ಬುಡ್ತೈತೆ ಕಣೇ ನಂಗೆ.”

ನನಗೆ ಬಹಳ ಕೆಟ್ಟದೆನಿಸಿತು. ಆ ಗಂಡಸರಿಬ್ಬರನ್ನೂ ನಿಲ್ಲಿಸಿ ಸ್ಕೇಲಿನಿಂದ ಕುಟ್ಟಬೇಕು ಅನ್ನಿಸಿತು. ಆದರೆ ಬಾವನಿಗೆ ಎದುರು ಮಾತಾಡಿದ ಅಭ್ಯಾಸ ನನಗಿಲ್ಲ, ಮೈದುನನ ಜೊತೆ ಮಾತಾಡಿದ ಅಭ್ಯಾಸವೂ ಇಲ್ಲ. ಸುಮ್ಮನೆ ಈರುಳ್ಳಿ ಹೆಚ್ಚಿದೆ.

ಗುರುತಿನ ವಿಷಯದಲ್ಲೂ ಒಂದು ರಂಪ ಆಗಿತ್ತು. ಅಕ್ಕನ ಸತ್ತ ಮಾವನವರ ಕಾಲದಿಂದ ಆ ಹಿಂಡಿನ ಗುರುತು ಒಂದು ಕೆಂಪು ಓರೆಗೀಟು, ಕುರಿಯ ಎರಡು ಪಕ್ಕೆಗೂ ಒಂದೊಂದು. ‘ಒಬ್ಬರು ಕೆಂಪು ಹಾಕಿ, ಇನ್ನೊಬ್ಬರು ನೀಲಿ ಹಾಕಿ, ಮುಗೀತಲ್ಲ’ ಅಂತ ನಾನೂ ಹೇಳಿ ನೋಡಿದೆ. ಇಬ್ಬರೂ ಒಪ್ಪಲಿಲ್ಲ. ಇಬ್ಬರಿಗೂ ಅಪ್ಪನ ಕೆಂಪೇ ಬೇಕು, ಅಪ್ಪನ ಗೀಟೇ ಬೇಕು. ಕೊನೆಗೆ ಊರ ಯಜಮಾನರು ತೀರ್ಮಾನ ಹೇಳಿದರು: ಗೀಟಿನ ಮೇಲ್ತುದಿ ಕುರಿಯ ತಲೆ ಕಡೆ ಬಾಗಿದ್ದರೆ ಅಣ್ಣನದು, ಬಾಲದ ಕಡೆ ಬಾಗಿದ್ದರೆ ತಮ್ಮನದು. ಮೈದುನ ಬಾಲ ಅಂದದ್ದಕ್ಕೆ ಮುಖ ಗಂಟು ಹಾಕಿಕೊಂಡ. ಆದರೂ ಗೀಟು ಅಪ್ಪನದೇ ಅಲ್ಲವಾ ಅಂತ ಒಪ್ಪಿಕೊಂಡ.

ಇದನ್ನು ಕೇಳಿ ನನ್ನೊಳಗಿನ ಟೀಚರ್ ಎದ್ದು ಕೂತಳು. “ಅಯ್ಯೋ, ಇದು ನಮ್ಮ ಸ್ಲ್ಯಾಶ್, ಬ್ಯಾಕ್‌ಸ್ಲ್ಯಾಶ್! ನಾನು ದಿನಾ ಕಲಿಸೋದು ಇದನ್ನೇ,” ಅಂದೆ. ಮುಂದಕ್ಕೆ ಬಾಗಿದವನು, ಹಿಂದಕ್ಕೆ ವಾಲಿದವನು ಎಲ್ಲ ವಿವರಿಸಿದೆ. ಯಜಮಾನರು ಗಡ್ಡ ಕೆರೆದುಕೊಂಡು, “ಅಂಗಾರೆ ನೀನೇ ಎಳೆದ್ಬುಡಮ್ಮ, ಓದ್ದೋಳು, ಕೈ ನೆಟ್ಟಗಿರ್ತೈತೆ,” ಅಂದರು. ಹೋರಿ ಹಸುಗಳ ಕೊಂಬಿಗೆ ಬಳಿಯಲು ನಾನೇ ಸೇಲಂನಿಂದ ತಂದಿದ್ದ ಕೆಂಪು ಪೇಂಟು ಅರ್ಧ ಡಬ್ಬಿ ಮಿಕ್ಕಿತ್ತು. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಅವಳನ್ನು ಗುಡ್ಡಕ್ಕೆ ಕಳಿಸುವ ಗೀಟನ್ನು ನಾನೇ ಎಳೆಯುವ ಹಾಗಾಯಿತಲ್ಲ ಅಂತ ನನಗೂ ಕಸಿವಿಸಿ. ಆದರೂ ಬ್ರಷ್ ಕೈಗೆ ಬಂದಾಗ ಒಳಗೊಳಗೇ ಖುಷಿಯಾದದ್ದು ಸುಳ್ಳಲ್ಲ.

ಮಾರನೇ ಬೆಳಿಗ್ಗೆ ಬಾವನ ಪಾಲಿನವು ಮೊದಲು ಬಂದವು. ಹಟ್ಟಿಯ ಬಾಗಿಲಲ್ಲಿ ನಾನು ಮಣೆ ಹಾಕಿ ಕೂತೆ. ಅಕ್ಕ ಒಂದೊಂದೇ ಕುರಿಯನ್ನು ತಂದು ತಲೆ ಹಿಡಿದು ನಿಲ್ಲಿಸುವಳು. ನಾನು ಒಂದು ಪಕ್ಕೆಗೆ ಗೀಟು ಎಳೆಯುವೆ. ಅಕ್ಕ ಕುರಿಯನ್ನು ತಿರುಗಿಸಿ ಹಿಡಿಯುವಳು, ಇನ್ನೊಂದು ಪಕ್ಕೆಗೂ ಎಳೆಯುವೆ. ವಾರಗಿತ್ತಿ ಅದನ್ನು ಆಚೆ ಅಟ್ಟುವಳು. ಬಾವನವು ಮುಗಿದ ಮೇಲೆ ಮೈದುನನವು. ಮಧ್ಯಾಹ್ನದ ಹೊತ್ತಿಗೆ ನಲವತ್ತು ಚಿಲ್ಲರೆ ಕುರಿಗಳ ಮೇಲೂ ಅಚ್ಚು ಹಾಕಿದ ಹಾಗೆ ಗೀಟುಗಳು. ಒಂದು ಹನಿ ಪೇಂಟು ಇಳಿದಿರಲಿಲ್ಲ. ಪರೀಕ್ಷೆಯಾಗಿದ್ದರೆ ನೂರಕ್ಕೆ ನೂರು ಕೊಡಬಹುದಿತ್ತು.

ಊರ ಯಜಮಾನರು ನೋಡಲು ಬಂದರು. ಅಣ್ಣತಮ್ಮಂದಿರಿಗೆ ಮಾತಿರಲಿಲ್ಲವಾದ್ದರಿಂದ ಓಣಿಯ ಈ ಕಡೆ ಬಾವ ನಿಂತರು, ಆ ಕಡೆ ಮೈದುನ ನಿಂತ. ಗುರುತು ನೋಡಿ ಅವರವರದನ್ನು ಅವರವರೇ ಹಿಡಿಯಲಿ ಅಂತ ನಡುವೆ ಕುರಿಗಳನ್ನು ಬಿಟ್ಟರು. ಹಿಂಡು ಬೆರೆತು ಹೊರಟಿತು. ಬಾವ ಒಂದು ಕುರಿಯ ಕೊರಳು ಹಿಡಿದು ನಿಲ್ಲಿಸಿ, “ಇದು ನಮ್ದು,” ಅಂದರು. ಓಣಿಯ ಆ ಕಡೆಯಿಂದ ಮೈದುನ ಅದೇ ಕುರಿಯ ಸೊಂಟ ಹಿಡಿದು ಯಜಮಾನರಿಗೆ ಹೇಳಿದ:

“ಪಾರುಂಗ, ನೋಡಿ ಯಜಮಾನ್ರೇ, ನಂದು ಅಂತ ಗೀಟೇ ಏಳ್ತೈತೆ, ಆವಪ್ಪ ಇಡ್ಕೊಂಡವ್ನೆ!”

“ಲೇ, ಕಣ್ಣು ಗಿಣ್ಣು ಓಯ್ತಾ? ತಲೆ ಕಡೆ ಬಾಗೈತೆ!”

“ಬಾಲದ್ ಕಡೆ ಬಾಗೈತೆ, ಬಂದ್ ನೋಡು!”

ಎಷ್ಟೋ ದಿನದ ಮೇಲೆ ಅಣ್ಣತಮ್ಮಂದಿರು ನೇರವಾಗಿ ಮಾತಾಡಿದ್ದು ಅದೇ ಮೊದಲು. ಬಾವ ಆ ಕಡೆ ಹೋಗಿ ನೋಡಿದರು, ಮೈದುನ ಈ ಕಡೆ ಬಂದು ನೋಡಿದ. ಇಬ್ಬರೂ ಹೇಳಿದ್ದು ನಿಜವಾಗಿತ್ತು. ಒಂದು ಪಕ್ಕೆ ಅಣ್ಣನದು ಅನ್ನುತ್ತಿತ್ತು, ಇನ್ನೊಂದು ಪಕ್ಕೆ ತಮ್ಮನದು. ಇನ್ನೊಂದು ಕುರಿ ಹಿಡಿದರು, ಅದೂ ಹಾಗೇ. ಮತ್ತೊಂದು, ಮತ್ತೊಂದು. ಇಡೀ ಹಿಂಡಿನಲ್ಲಿ ಪೂರ್ತಿಯಾಗಿ ಒಬ್ಬರಿಗೆ ಸೇರಿದ ಕುರಿ ಒಂದೂ ಇರಲಿಲ್ಲ.

ಏನಾಗಿದೆ ಅಂತ ನನಗೆ ಆಗ ಹೊಳೆಯಿತು. ಬಾವನ ಕುರಿಗೆಲ್ಲ ನಾನು ಎರಡು ಪಕ್ಕೆಗೂ / ಎಳೆದಿದ್ದೆ, ಮೈದುನನವಕ್ಕೆ ಎರಡು ಪಕ್ಕೆಗೂ \ ಎಳೆದಿದ್ದೆ, ಕೀಲಿಮಣೆಯಲ್ಲಿ ಇರುವ ಹಾಗೆ. ಕಾಗದದ ಮೇಲೆ ಎಲ್ಲರೂ ಎಡದಿಂದ ಬಲಕ್ಕೇ ನಡೆಯುತ್ತಾರೆ. ಕುರಿ ಹಾಗಲ್ಲ, ಅದನ್ನು ತಿರುಗಿಸಿ ನಿಲ್ಲಿಸಿದರೆ ತಲೆ ಎಡಕ್ಕೆ ಬರುತ್ತದೆ, ಬಾಲ ಬಲಕ್ಕೆ ಹೋಗುತ್ತದೆ. ಬಲಕ್ಕೆ ಬಾಗಿದ ಅದೇ ಗೀಟು ಮೊದಲ ಪಕ್ಕೆಯಲ್ಲಿ ತಲೆ ಕಡೆ, ಎರಡನೇ ಪಕ್ಕೆಯಲ್ಲಿ ಬಾಲದ ಕಡೆ. ಇಷ್ಟು ವರ್ಷ ಗೀಟು ಎಳೆಯುವುದನ್ನೇ ಕಲಿಸಿದವಳಿಗೆ ಇದು ಹೊಳೆದಿರಲಿಲ್ಲ.

“ಗುರುತು ಬುಡು, ಕುರಿ ಮುಖ ನೋಡಿ ಏಳಿ,” ಅಂತ ಯಜಮಾನರು ಹೆಂಗಸರನ್ನು ಕೇಳಿದರು. “ದಿನಾ ಮೇಯ್ಸೋರು ನೀವು. ಪಂಗು ಮಾಡ್ದಾಗ ಯಾವ್ದು ಯಾವ್ ಕಡೆ ಕಟ್ಟಿದ್ವಿ ಅಂತ ತಿಳೀದಾ?”

ಆ ಇಬ್ಬರಿಗೂ ಒಂದೊಂದು ಕುರಿಯ ನಡಿಗೆ, ಕೆಮ್ಮು, ಅದರ ತಾಯಿ, ಅಜ್ಜಿ ಎಲ್ಲ ಗೊತ್ತು. ಕತ್ತಲಲ್ಲಿ ಕಿವಿ ಮುಟ್ಟಿ ಇದು ಇಂಥದ್ದು ಅನ್ನುವವರು.

“ಎಲ್ಲ ಒಂದೇ ತರ ಅವೆ ಯಜಮಾನ್ರೇ,” ಅಂದಳು ಅಕ್ಕ.

“ಅಕ್ಕಂಗೇ ತಿಳೀದಿದ್ಮೇಲೆ ನಂಗೇನ್ ತಿಳೀತೈತೆ,” ಅಂದಳು ವಾರಗಿತ್ತಿ, ನೆಲ ನೋಡುತ್ತಾ.

ಬಾವ, “ಟೀಚರಮ್ಮ, ನೀನೇ ಏನಾರ ದಾರಿ ಏಳು,” ಅಂದರು. ದಾರಿ ಇತ್ತು. ಬಹಳ ಸುಲಭದ ದಾರಿ. ತಲೆ ಬಾಲ ಎಲ್ಲ ಮರೆತು ಕಾಗದದ ಮೇಲೆ ಓದುವ ಹಾಗೆ ಓದಿದರೆ ಆಯಿತು: ಯಾವ ಕಡೆಯಿಂದ ನೋಡಿದರೂ ಬಲಕ್ಕೆ ಬಾಗಿದ್ದು ಬಾವನದು, ಎಡಕ್ಕೆ ಬಾಗಿದ್ದು ಮೈದುನನದು. ಅರ್ಧ ಗಂಟೆಯಲ್ಲಿ ಬೇರೆ ಮಾಡಬಹುದಿತ್ತು. ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಹೇಳೋಣ ಅಂತ ಬಾಯಿ ತೆರೆದೆ. ಅಕ್ಕನ ಕಾಲು ಬಂದು ನನ್ನ ಕಾಲಿನ ಮೇಲೆ ಬಿತ್ತು. ಇಟ್ಟದ್ದಲ್ಲ, ತುಳಿದದ್ದು. ಬಯಲಿನಲ್ಲಿ ಬರಿಗಾಲಲ್ಲಿ ನಡೆದು ಕಲ್ಲಾದ ಹಿಮ್ಮಡಿ ಅದು.

“ಇಲ್ಲ ಬಾವ,” ಅಂದೆ. ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು. ಅವಮಾನಕ್ಕೆ ಅಳುತ್ತಿದ್ದೇನೆ ಅಂತ ಅವರು ತಿಳಿದರು. “ಓಗ್ಲಿ ಬುಡಮ್ಮ, ಪರವಾಯಿಲ್ಲೆ,” ಅಂತ ಸಮಾಧಾನ ಮಾಡಿದರು. ಅದು ಇನ್ನೂ ಜಾಸ್ತಿ ಉರಿಯಿತು.

ಅದರ ಮೇಲೇ ಸರಿಯಾದ ಗೀಟು ಎಳೆದರೆ ಏನು ಅಂತ ಮೈದುನ ಕೇಳಿದ. ಯಜಮಾನರು ಕೆನ್ನೆಗೆ ಬಡಿದುಕೊಂಡರು. ಗೀಟಿನ ಮೇಲೆ ಗೀಟು ಬಿದ್ದರೆ ಅಡ್ಡಗುರುತಾಗುತ್ತದೆ. ಅಲ್ಲಿನವರ ಲೆಕ್ಕದಲ್ಲಿ ಅಡ್ಡಗುರುತಿನ ಕುರಿ ದೇವರಿಗೆ ಬಿಟ್ಟದ್ದು. “ಆಮೇಕೆ ನಿಂಗೂ ಇಲ್ಲ, ನಿಮ್ಮಣ್ಣಂಗೂ ಇಲ್ಲ. ಬಣ್ಣ ಮಾಸೋಗಂಟ ಹಿಂಡು ಒಂದೇ. ಮಾಸಿದ್ ಮೇಲೆ ನನ್ನ ಕರೀರಿ, ಇನ್ನೊಂದ್ ಸಲ ಪಂಗು ಮಾಡ್ತೀನಿ,” ಅಂತ ಟವೆಲ್ ಕೊಡವಿಕೊಂಡು ಹೊರಟರು.

ಹಿತ್ತಲಿನಲ್ಲಿ ನಾನು ಕಾಲಿಗೆ ತಣ್ಣೀರು ಸುರಿದುಕೊಳ್ಳುವಾಗ ಅಕ್ಕ ಬಂದು ಪಕ್ಕದಲ್ಲಿ ಕೂತಳು.

“ನಿನಗೆ ಮೊದಲೇ ಗೊತ್ತಿತ್ತಾ?” ಅಂದೆ.

“ಮೊದಲ್ನೇ ಕುರಿಗೇ ಕಂಡೆ. ತಿರುಗ್ಸಿ ಇಡ್ದಿದ್ದು ನಾನ್ ತಾನೆ? ತಪ್ಪಾಗ್ ಎಳೀತಾವ್ಳೆ ನಮ್ ತಂಗಿ, ಎಳೀಲಿ ಅಂತ ಸುಮ್ಕಿದ್ದೆ.”

ನನ್ನ ನೂರಕ್ಕೆ ನೂರು ಅಲ್ಲಿಗೆ ಮುಗಿಯಿತು. ಕೋಪ ಬಂತು, ಆಮೇಲೆ ನಗು ಬಂತು, ಇಬ್ಬರೂ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕೆವು. ಮಾರನೇ ದಿನ ಬಸ್ಸು ಕಾಯುವಾಗ ನೋಡಿದೆ: ಇಬ್ಬರ ಗುರುತೂ ಹೊತ್ತ ಹಿಂಡು ಒಟ್ಟಿಗೇ ಗುಡ್ಡದ ಕಡೆ ಹೊರಟಿತ್ತು. ಹಿಂದೆ ಒಂದೇ ಛತ್ರಿಯ ಕೆಳಗೆ ಇಬ್ಬರು, ಆಗಲೇ ಮಾತು ಶುರುವಾಗಿತ್ತು.

ಸೇಲಂಗೆ ಬಂದ ಮೇಲೂ ಒಂದು ಚಿಂತೆ ಉಳಿಯಿತು. ನಾನು ತಂದಿದ್ದ ಪೇಂಟು ಅಂಗಡಿಯವರ ಮಾತಿನಲ್ಲೇ ಹೇಳುವುದಾದರೆ ‘ಹಬ್ಬಕ್ಕೆ ಸಾಕು’ ಅನ್ನುವಂಥದ್ದು. ನಮ್ಮ ಕಡೆಯ ಕುರಿಗೆ ಉಣ್ಣೆಯೂ ಇಲ್ಲ, ಗಿಡ್ಡ ಕೂದಲು; ಮುಳ್ಳುಗಿಡಕ್ಕೆ ಉಜ್ಜಿಕೊಂಡರೆ ಬಣ್ಣ ಎಷ್ಟು ದಿನ ನಿಲ್ಲುತ್ತದೆ! ಬಣ್ಣ ಹೋದ ದಿನ ಊರ ಯಜಮಾನರು ಬರುತ್ತಾರೆ, ಈ ಸಲ ಸರಿಯಾಗಿ ಎಳೆಸುತ್ತಾರೆ, ಅಕ್ಕ ಗುಡ್ಡಕ್ಕೆ ಹೋಗುತ್ತಾಳೆ. ಕ್ಲಾಸಿನಲ್ಲಿ ಯಾರಾದರೂ ಆ ಕೀಲಿ ಒತ್ತಿದರೆ ಸಾಕು, ನನಗೆ ಅಕ್ಕ ನೆನಪಾಗುತ್ತಿದ್ದಳು. ಫೋನಿನಲ್ಲಿ ಬಣ್ಣ ಹೇಗಿದೆ ಅಂತ ಕೇಳಿದರೆ, “ಐತೆ ಐತೆ,” ಅಂತ ಮಾತು ಬದಲಿಸುತ್ತಿದ್ದಳು. ಅವಳ ಹಿಂದೆ ವಾರಗಿತ್ತಿಯ ನಗು ಕೇಳುತ್ತಿತ್ತು.

ಆರು ತಿಂಗಳ ಮೇಲೆ, ಆಷಾಢದ ಆಡಿ ಹಬ್ಬಕ್ಕೆ ಹೊಗೆನಕಲ್ಲಿಗೆ ಹೋಗಿ ನೀರಾಡಿ, ಮೀನು ತಿಂದು, ವಾಪಸ್ಸು ಬರುವಾಗ ನಾನೂ ನನ್ನ ಯಜಮಾನರೂ ನಲ್ಲಂಪಳ್ಳಿಯಲ್ಲಿ ಇಳಿದು ಅಕ್ಕನ ಊರಿಗೆ ಹೋದೆವು. ಸಂಜೆಯಾಗಿತ್ತು. ಕುರಿಗಳು ಆಗಷ್ಟೇ ಹಟ್ಟಿಗೆ ಬಂದಿದ್ದವು. ಮನೆಯಲ್ಲಿ ಈಗಲೂ ಒಲೆ ಎರಡೇ. ಆದರೆ ಮೈದುನ ಲಾರಿಯಿಂದ ಇಳಿಯುತ್ತಲೇ ಬಾವನ ಕಡೆ ನೋಡಿ, “ಎಲ್ಲ ಬಂದ್ವಾ?” ಅಂದ. ಬಾವ, “ಬಂದ್ವು,” ಅಂದರು. ಒಂದು ಹಿಂಡು ಇದ್ದರೆ ಇಷ್ಟಾದರೂ ಮಾತಾಡಲೇಬೇಕಲ್ಲ.

ಬಾವ ನನ್ನನ್ನು ಕಂಡವರೇ, “ಏನ್ ಪೇಂಟ್ ತಂದ್ಯಮ್ಮ ನೀನು?” ಅಂದರು. “ಬಿಸ್ಲು ಬಂತು, ಮಳೆ ಬಂತು, ಓಗ್ತಾನೇ ಇಲ್ವಲ್ಲ! ಯಜಮಾನ್ರು ಎರಡ್ ಸಲ ಬಂದು ನೋಡ್ಕೊಂಡ್ ಓದ್ರು.”

ನಾನು ಹಟ್ಟಿಗೆ ಹೋಗಿ ಬಗ್ಗಿ ನೋಡಿದೆ. ಗೀಟುಗಳು ನನ್ನವಲ್ಲ. ನನ್ನ ಗೀಟು ತೆಳ್ಳಗೆ, ನೆಟ್ಟಗೆ ಇತ್ತು. ಇವು ಒಂದು ದಪ್ಪ, ಒಂದು ಸಣ್ಣ, ಕೆಲವು ಕಾಲಿನವರೆಗೂ ಸೋರಿದ್ದವು. ಒಂದು ಪಕ್ಕೆಯಲ್ಲಿ ಒಬ್ಬಳ ಕೈ, ಇನ್ನೊಂದು ಪಕ್ಕೆಯಲ್ಲಿ ಇನ್ನೊಬ್ಬಳ ಕೈ. ಆದರೆ ತಪ್ಪು ಮಾತ್ರ ನಾನು ಮಾಡಿದ ಹಾಗೇ ಇತ್ತು, ಒಂದು ಕುರಿಯಲ್ಲೂ ಹೆಚ್ಚುಕಡಿಮೆಯಾಗಿರಲಿಲ್ಲ. ಪೆನ್ನು ಹಿಡಿಯದ ಆ ಇಬ್ಬರು ನನ್ನ ಎರಡು ಗೀಟುಗಳನ್ನೂ ಚೆನ್ನಾಗಿ ಕಲಿತಿದ್ದರು. ಬೆರಳಿಟ್ಟು ನೋಡಿದೆ. ಬೆರಳು ಕೆಂಪಾಯಿತು. ಪೇಂಟು ಇನ್ನೂ ಒಣಗಿರಲಿಲ್ಲ.

ತಲೆ ಎತ್ತಿದರೆ ಹಟ್ಟಿಯ ಬಾಗಿಲಲ್ಲಿ ಅಕ್ಕನೂ ವಾರಗಿತ್ತಿಯೂ ನಿಂತಿದ್ದರು, ನಾಲ್ಕು ಕೈಗಳೂ ಬೆನ್ನ ಹಿಂದೆ. ಬಾವ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಈ ಸಲ ನನ್ನ ಕಾಲು ಯಾರೂ ತುಳಿಯಬೇಕಾಗಲಿಲ್ಲ.

“ಸೇಲಂ ಪೇಂಟು ಬಾವ,” ಅಂದೆ. “ಅಷ್ಟು ಬೇಗ ಹೋಗಲ್ಲ.”

ಬೆರಳನ್ನು ಸೆರಗಿನ ಒಳಮಗ್ಗುಲಿಗೆ ಒರೆಸಿಕೊಂಡೆ. ಹಬ್ಬಕ್ಕೆ ತೆಗೆದ ಹೊಸ ಸೀರೆ. ಹೋದರೆ ಹೋಗಲಿ.